ಓದು ಬಾರದ ಕಾಕಾನ ಅಕ್ಷರ

ನಮ್ಮ ಕಾಕಾನಷ್ಟು ಬರೆದ ಮನುಷ್ಯ ಔರಾದ್ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಬೇಕಾದರೆ ಪಂಥ ಕಟ್ಟಿ! ನಲವತ್ತು ವರ್ಷ ಬರೆದಿದ್ದಾನೆ. ಕನ್ನಡ, ಮರಾಠಿ, ಉರ್ದು, ಯಾವುದನ್ನೂ ಬಿಟ್ಟಿಲ್ಲ. ಆದರೆ ಬರೆದದ್ದರಲ್ಲಿ ಒಂದು ಸಾಲನ್ನೂ ಅವನು ಓದಿಲ್ಲ. ಯಾಕೆ ಅಂದರೆ ಅವನಿಗೆ ಓದಲು ಬರುವುದಿಲ್ಲ!

ನಗಬೇಡಿ. ನಾನೂ ಏಳನೆಯದಕ್ಕೆ ಸಾಲಿ ಬಿಟ್ಟವನೇ. ಬಣ್ಣ ಬಳಿದು ಹೇಳಲು ನನಗೆ ಬರುವುದಿಲ್ಲ, ಇದ್ದದ್ದನ್ನು ಹೇಳುತ್ತೇನೆ.

ಕಾಕಾ ಬೋರ್ಡ್ ಬರೆಯುವ ಪೇಂಟರ್. ಗಿರಾಕಿ ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ನೋಡಿ ನೋಡಿ ಗೋಡೆಯ ಮೇಲೆ ದೊಡ್ಡದಾಗಿ ಇಳಿಸುತ್ತಿದ್ದ. ಅಕ್ಷರಗಳಿಗೆ ಅವನೇ ಹೆಸರಿಟ್ಟಿದ್ದ. ‘ಮ’ ಅಂದರೆ ಎರಡು ಕೂಸು ಎತ್ತಿಕೊಂಡ ತಾಯಿ. ‘ಹ’ ಅಂದರೆ ಬಗ್ಗಿ ಚಪ್ಪಲಿ ಹುಡುಕುವ ಮುದುಕ. ‘ಶ’ ಅಂದರೆ ಎಣ್ಣೆಗಾಯಿಗೆ ಸೀಳಿದ ಬದನೆಕಾಯಿ. ‘ಣ’ ಕೂತ ಎಮ್ಮೆ. ಇಷ್ಟು ಗೊತ್ತಿದ್ದರೆ ಸಾಕು, ಇನ್ನೇನು ಬೇಕು?

ಒಮ್ಮೆ ಸಾಕಾಗಲಿಲ್ಲ. ಔರಾದಿನ ಒಬ್ಬ ಟೇಲರ್ ಅಂಗಡಿಯ ಹೆಸರು ಬರೆದ ಚೀಟಿ ಕೊಟ್ಟು ಊಟಕ್ಕೆ ಹೋದ. ಆ ಚೀಟಿಯ ಹಿಂದೆ ಅವನ ಹೆಂಡತಿ ಸಂತೆಗೆ ಬರೆದುಕೊಟ್ಟದ್ದಿತ್ತು. ಕಾಕಾನ ಕಣ್ಣಿಗೆ ಆ ಮಗ್ಗುಲೇ ಚಂದ ಕಂಡಿತು, ಅಕ್ಷರ ಜಾಸ್ತಿ ಇದ್ದವಲ್ಲ! ಟೇಲರ್ ತಿರುಗಿ ಬಂದು ನೋಡುತ್ತಾನೆ, ಅಂಗಡಿಯ ನೆತ್ತಿಯ ಮೇಲೆ ಕೆಂಪು ಅಕ್ಷರ, ಹಳದಿ ನೆರಳು: ‘ಅರ್ಧ ಕಿಲೋ ಬದನೆಕಾಯಿ, ಬಳ್ಳೊಳ್ಳಿ, ಕೊತ್ತಂಬರಿ. ಮರೆತರೆ ಮನೆಗೆ ಬರಬೇಡಿ.’

“ಏನ್ ಬರದಿಟ್ಟಿದಿಯೋ ಪೇಂಟರ್!”

“ನೀ ಕೊಟ್ಟಿದ್ದೇ ಬರದೀನಿ. ಅಕ್ಷರ ಹ್ಯಾಂಗ ಬಂದಾವ, ಅದು ಹೇಳು.”

ಟೇಲರ್ ಮೇಲೆ ನೋಡಿದ. “ಅಕ್ಷರ ಏನೋ ಖರೇನೇ ಛಂದ ಬಂದಾವ,” ಅಂದ. ಎರಡು ದಿನ ಅಳಿಸಲಿಲ್ಲ. ಎರಡೂ ದಿನ ಜನ ಬಂದು ಬದನೆಕಾಯಿ ಕೇಳಿದರು.

ಇಂಥ ಮನುಷ್ಯನ ಹೊಟ್ಟೆಯ ಮೇಲೆ ಕಾಲಿಟ್ಟವನು ನಾನು. ಭಾಲ್ಕಿಯಲ್ಲಿ ಫ್ಲೆಕ್ಸ್ ಬ್ಯಾನರ್ ಮಾಡುವ ಅಂಗಡಿಯಲ್ಲಿ ಮಶೀನು ನಡೆಸಲು ಸೇರಿಕೊಂಡೆ. ಕಾಕಾ ಎರಡು ದಿನ ಬರೆಯುವ ಬೋರ್ಡು ಅಲ್ಲಿ ಚಹಾ ಕುಡಿದು ಮುಗಿಸುವುದರೊಳಗೆ ಹೊರಗೆ ಬರುತ್ತದೆ. ಅವನು ನನ್ನ ಕೂಡ ಮಾತು ಬಿಟ್ಟ. ಮನೆಗೆ ಹೋದರೆ ನನ್ನ ಮುಂದೆಯೇ ತನ್ನ ಹೆಂಡತಿಗೆ, ನಮ್ಮ ಕಾಕುಗೆ ಹೇಳುತ್ತಿದ್ದ: “ಆ ಫ್ಲೆಕ್ಸ್‌ಗಿ ಚಾ ಬೇಕೇನ್ ಕೇಳು.”

ಕಾಕು ನನ್ನ ಕಡೆ ತಿರುಗಿ, “ಫ್ಲೆಕ್ಸಾ, ಚಾ ಕುಡಿತಿಯೇನಪಾ?” ಅನ್ನುತ್ತಿದ್ದಳು. ಕುಡಿಯುತ್ತಿದ್ದೆ. ಸಿಟ್ಟಿನಲ್ಲೂ ಆ ಮನೆಯ ಚಹಾಕ್ಕೆ ಸಕ್ಕರೆ ಕಮ್ಮಿಯಾಗಲಿಲ್ಲ.

ಒಂದು ದಿನ ಕಾಕಾ ತಾನಾಗಿಯೇ ಬಸ್ಸು ಹತ್ತಿ ಭಾಲ್ಕಿಗೆ ಬಂದ. ಮಶೀನಿನ ಹಿಂದೆ ನಿಂತು, ಹೊರಬರುತ್ತಿದ್ದ ಬ್ಯಾನರ್ ನೋಡಿದ.

“ಈ ಅಕ್ಷರಕ್ಕ ಎಲುಬೇ ಇಲ್ಲಲ್ಲೋ. ಕಲಸಿದ ಹಿಟ್ಟು ಬಿದ್ದಂಗ ಬಿದ್ದಾವ.”

“ಗಿರಾಕಿಗಿ ಅದೇ ಬೇಕು ಕಾಕಾ. ನೀ ಯಾಕ ಬಂದಿ, ಅದು ಹೇಳು.”

ಅವನು ಬಲಗೈಯನ್ನು ತಂದು ಮೇಜಿನ ಮೇಲಿಟ್ಟ. ಅದು ತನ್ನಷ್ಟಕ್ಕೇ ನಡುಗುತ್ತಿತ್ತು. ಪಕ್ಕದಲ್ಲಿದ್ದ ಚಹಾದ ಗ್ಲಾಸು ಸಣ್ಣಗೆ ಸದ್ದು ಮಾಡಿತು.

“ಸುಮ್ಮ ಕುಂತಾಗ ನಡುಗತದ. ಬ್ರಶ್ ಹಿಡದ್ರ ನಿಲ್ತದ. ಇನ್ನ ಮುಂದ ಬ್ರಶ್ ಹಿಡದ್ರೂ ನಿಲ್ಲೋದಿಲ್ಲಂತ, ಬೀದರಿನ ಡಾಕ್ಟರ್ ಅಂದಾನ. ಪೂರಾ ಹೋಗೋದ್ರೊಳಗ ನನ್ನ ಅಕ್ಷರ ನಿನ್ನ ಈ ಡಬ್ಬಿದಾಗ ಹಾಕು.”

ಡಬ್ಬಿ ಅಂದರೆ ಕಂಪ್ಯೂಟರ್. ಕಾಕಾನ ಒಂದೊಂದು ಅಕ್ಷರವನ್ನೂ ಅದರೊಳಗೆ ಇಳಿಸಿದರೆ, ಯಾರು ಬೇಕಾದರೂ ಟೈಪ್ ಮಾಡಿ ಅವನ ಕೈಯ ಅಕ್ಷರದಲ್ಲೇ ಬೋರ್ಡು ಮಾಡಿಕೊಳ್ಳಬಹುದು. ಅದಕ್ಕೆ ಫಾಂಟ್ ಅನ್ನುತ್ತಾರೆ. ನನಗೆ ಮಾಡಲು ಬರುತ್ತಿತ್ತೇ? ಎಲ್ಲಿಂದ ಬರಬೇಕು! ವಿಡಿಯೊ ನೋಡಿ ನೋಡಿ, ಕೆಡಿಸಿ ಕೆಡಿಸಿ ಕಲಿತೆ.

ಅಂಗಡಿಗೆ ರಜೆ ಇದ್ದಾಗಲೆಲ್ಲ ಔರಾದಿಗೆ ಹೋಗುತ್ತಿದ್ದೆ. ‘ಅ’ದಿಂದ ಶುರು. ಕಾಕಾ ಚಾರ್ಟಿನ ಮೇಲೆ ಕರಿ ಬಣ್ಣದಲ್ಲಿ ಬರೆಯುವುದು, ನಾನು ಫೋಟೊ ಹೊಡೆದು ಕಂಪ್ಯೂಟರಿಗೆ ಇಳಿಸುವುದು. ಒಂದು ಅಕ್ಷರದ ಕಾಗುಣಿತ, ಒತ್ತು ಎಲ್ಲ ಮುಗಿದ ಮೇಲೆಯೇ ಮುಂದಿನದು. ಚೂರು ದಪ್ಪ ಬಂದರೆ ಹರಿದು ಒಗೆಯುತ್ತಿದ್ದ. “ಇದರ ಹೊಟ್ಟಿ ನೋಡು, ಮದಿವಿ ಊಟ ಮಾಡಿ ಬಂದದ!” ಹೀಗೆ ‘ಮ’ಕ್ಕೆ ಬಂದು ಮುಟ್ಟಲು ಒಂದು ವರ್ಷ ಹಿಡಿಯಿತು. ಆ ‘ಮ’ ಇದೆಯಲ್ಲ, ಎರಡು ಕೂಸಿನ ತಾಯಿ, ಅಷ್ಟು ಚಂದದ ‘ಮ’ವನ್ನು ನಾನು ಇನ್ನೆಲ್ಲೂ ನೋಡಿಲ್ಲ. ಗುಂಡು ಅಂದರೆ ಗುಂಡು, ಒಂದು ಕೂದಲೆಳೆ ಆಚೆ ಈಚೆ ಇಲ್ಲ.

‘ಯ’ಕ್ಕೆ ಬಂದಾಗ ಬ್ರಶ್ಶೇ ನಡುಗಿತು.

ಆಮೇಲೆ ಎಡಗೈಯಿಂದ ಬಲಗೈ ಹಿಡಿದುಕೊಂಡು ಬರೆದ. ‘ಶ’ದ ಅಂಚು ಆಡು ಮೇಯ್ದ ರೊಟ್ಟಿಯ ಹಾಗೆ ಬಂತು. ‘ಹ’ದ ಮುದುಕನಿಗೆ ಚಳಿಜ್ವರ. ‘ಳ’ ಬರೆದ ದಿನ ಬ್ರಶ್ ಕೆಳಗಿಟ್ಟು ಗೋಡೆಯ ಕಡೆ ಮುಖ ಮಾಡಿ ಕೂತ.

ಕಂಪ್ಯೂಟರಿನಲ್ಲಿ ಗೆರೆಯನ್ನು ನುಣ್ಣಗೆ ಮಾಡುವುದು ಸುಲಭ, ಒಂದು ಒತ್ತು ಒತ್ತಿದರೆ ಆಯಿತು. ಕಾಕಾನಿಗೆ ಹೇಳದೆ ನಡುಗಿದ್ದನ್ನೆಲ್ಲ ನೇರ ಮಾಡಿ, ಕಾಗದದ ಮೇಲೆ ತೆಗೆದು ತೋರಿಸಿದೆ. ಕಾಕಾ ‘ಹ’ದ ಮೇಲೆ ಬೆರಳಾಡಿಸಿದ.

“ಇದು ಯಾರ ಕೈ?”

“ನಿಂದೇ ಕಾಕಾ.”

“ಲೇ, ನನಗ ಓದಲಿಕ್ಕ ಬರೋದಿಲ್ಲ. ನೋಡ್ಲಿಕ್ಕ ಬರ್ತದ. ನಡುಗಿದ್ದೇ ಹಾಕು.”

ಹಾಕಿದೆ. ಹಾಗಾಗಿ ನಮ್ಮ ಫಾಂಟಿನಲ್ಲಿ ‘ಅ’ದಿಂದ ‘ಮ’ದವರೆಗಿನವು ಪರೇಡಿಗೆ ನಿಂತ ಹಾಗೆ ನಿಂತಿವೆ. ‘ಯ’ದಿಂದ ‘ಳ’ದವರೆಗಿನವು ನಡುಗುತ್ತಿವೆ.

ನೆಟ್ಟಿನಲ್ಲಿ ಅವನ ಹೆಸರಿನದೊಂದು ಪೇಜು ಮಾಡಿ ಫುಕಟ್ ಬಿಟ್ಟೆವು. ರೊಕ್ಕ ಇಡೋಣ ಅಂದದ್ದಕ್ಕೆ, “ಗ್ವಾಡಿ ಮ್ಯಾಲ ಬರದದ್ದು ನೋಡ್ಲಿಕ್ಕ ಯಾರರೆ ರೊಕ್ಕ ಕೊಟ್ಟಾರೇನು?” ಅಂದ. ಜನ ಇಳಿಸಿಕೊಂಡರು, ಅಭಿಪ್ರಾಯ ಬರೆದರು. ಕೆಂಪು ಹೃದಯದ ಚಿತ್ರ ಅವನಿಗೇ ತಿಳಿಯುತ್ತಿತ್ತು. ಉಳಿದದ್ದನ್ನು ನಾನು ಓದಬೇಕಿತ್ತು.

ಒಬ್ಬ ದೊಡ್ಡ ಊರಿನವನು ಉದ್ದಕ್ಕೆ ಬರೆದಿದ್ದ: ಮೊದಲರ್ಧ ಅದ್ಭುತ, ಕೊನೆಯ ಅಕ್ಷರಗಳಲ್ಲಿ ದೋಷವಿದೆ, ಗೆರೆಗಳು ಅಲುಗಾಡಿವೆ, ಸರಿಪಡಿಸಿ, ಇಲ್ಲವೇ ತೆಗೆಯಿರಿ.

“ಏನ್ ಅಂದಾನ?”

“ಛಂದ ಅವ ಅಂದಾನ ಕಾಕಾ.”

“ಇಷ್ಟ ಉದ್ದ ಬರದಾನ, ನೀ ಇಷ್ಟ ಸಣ್ಣ ಓದಿದಿ?”

ಸಿಕ್ಕಿಬಿದ್ದೆ! ಪೂರಾ ಓದಿದೆ. ಕಾಕಾ ಹೇಳಿದ: “ಕೈ ನಡುಗತದ್ರಿ, ಅದಕ್ಕ ಅಕ್ಷರ ನಡುಗತಾವ ಅಂತ ಬರಿ. ಸಾಹೇಬ ಅಂತನೂ ಹಾಕು.” ಹಾಗೇ ಬರೆದೆ. ಆ ಸಾಹೇಬ ಒಂದು ಕೆಂಪು ಹೃದಯ ಒತ್ತಿದ.

ಸ್ವಲ್ಪ ದಿನಕ್ಕೆ ಬೋರ್ಡುಗಳು ಏಳತೊಡಗಿದವು. ಕೊಳಾರದಲ್ಲಿ ಒಂದು ಹೋಟೆಲು, ಬಗದಲಿನಲ್ಲಿ ಕಟಿಂಗ್ ಅಂಗಡಿ. ಫೋಟೊ ನೋಡಿದರೆ ಸಾಲದೇ? ಸಾಲುವುದಿಲ್ಲ! ಎಲ್ಲಿ ಬೋರ್ಡು ಎದ್ದಿದೆ ಅಂತ ಸುದ್ದಿ ಬಂದರೂ ಕಾಕಾ ಬಸ್ಸು ಹತ್ತಿ ಹೋಗುತ್ತಿದ್ದ. ಕೈಯಲ್ಲಿ ಪೇಡೆಯ ಡಬ್ಬಿ. ಬೋರ್ಡಿನ ಕೆಳಗೆ ನಿಂತು ಹೋಗಿ ಬರುವವರಿಗೆಲ್ಲ ಹಂಚುವುದು. ಕಾಕು ಬೈಯುತ್ತಿದ್ದಳು: “ಮಗಳ ಮನಿಗಿ ಹೋಗು ಅಂದ್ರ ಮೊಣಕಾಲು ನೋಯ್ತಾವ. ಅಕ್ಷರ ನೋಡ್ಲಿಕ್ಕ ಜಿಂಕಿ ಆಗ್ತಾನ!”

ಹೀಗೇ ಒಂದು ದಿನ ಡಾಬಕಾಕ್ಕೆ ಹೋದ. ಅವನ ಅಕ್ಷರ ಅಲ್ಲಿ ಕಂಡೆನೆಂದು ಯಾರೋ ಬಸ್ಸಿನಲ್ಲಿ ಹೇಳಿದ್ದರಂತೆ.

ನಾನು ಮಶೀನಿನ ಮುಂದಿದ್ದೆ. ಕಾಕಾನ ಫೋನಿನಿಂದ ಒಂದು ಫೋಟೊ ಬಂತು, ಹಿಂದೆಯೇ ಅವನ ದನಿ: “ಲಗೂನ ಪೇಜಿಗಿ ಹಾಕು! ಎಷ್ಟು ದೊಡ್ಡದಾಗಿ ಬಂದದ ನೋಡು!” ಫೋಟೊ ಸ್ವಲ್ಪ ಅಲುಗಿತ್ತು. ಕಾಕಾ ಪೇಡೆಯ ಡಬ್ಬಿ ಹಿಡಿದು ಅಷ್ಟೂ ಹಲ್ಲು ತೋರಿಸಿ ನಿಂತಿದ್ದಾನೆ. ಹಿಂದಿನ ಫ್ಲೆಕ್ಸಿನಲ್ಲಿ ತಂಪು ಕನ್ನಡಕ ಹಾಕಿಕೊಂಡು ನಗುತ್ತಿರುವ, ನನ್ನದೇ ವಯಸ್ಸಿನ ಒಬ್ಬ ಹುಡುಗ. ಅವನ ಹೆಸರು ದೊಡ್ಡದಾಗಿ: ಮಹೇಶ. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’.

ಐದು ಸಲ ಫೋನು ಹಚ್ಚಿದೆ. ಎತ್ತಲಿಲ್ಲ. ಪೇಡೆ ಹಂಚುವುದರಲ್ಲಿದ್ದ.

ಅಲ್ಲಿ ಏನು ನಡೆಯಿತು ಅನ್ನುವುದನ್ನು ಆಮೇಲೆ ಅವನೇ ಹೇಳಿದ. ಕಾಕಾ ಫೋಟೊ ಗೀಟೊ ನೋಡುವವನಲ್ಲ, ಅಕ್ಷರ ನೋಡುವವನು. ಹುಟ್ಟುಹಬ್ಬದ ಫ್ಲೆಕ್ಸು ಅಂದುಕೊಂಡ. ಅಲ್ಲಿ ನಿಂತಿದ್ದ ಒಬ್ಬ ಹಿರಿಯರಿಗೆ, “ಇದು ನಂದೇ ಕೈ ರಿ! ಎಷ್ಟು ಛಂದ ಬಂದದ ನೋಡ್ರಿ!” ಅಂದ. ಅವರ ಕೈಗೆ ಫೋನು ಕೊಟ್ಟು ತನ್ನ ಫೋಟೊ ತೆಗೆಸಿಕೊಂಡ. ಪೇಡೆ ಕೊಟ್ಟ.

“ತಿನ್ರಿ, ತಿನ್ರಿ.”

“ಮನಿಗಿ ಒಯ್ತೇನ್ರಿ,” ಅಂದರಂತೆ ಆ ಹಿರಿಯರು. ಫ್ಲೆಕ್ಸಿನ ಕಡೆ ನೋಡಿ, “ಹೌದ್ರಿ, ಛಂದ ಅವ,” ಅಂದರಂತೆ. ಪೇಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೋದರಂತೆ.

ಅವರು ಹೋದ ಮೇಲೆ ಚಹಾದ ಅಂಗಡಿಯವನು ಹೊರಗೆ ಬಂದ. “ಏನ್ ಮನಷ್ಯಾ ಇದ್ದೀರಿ! ಅದು ಅವರ ಮಗಂದು. ಗಾಡಿ ಮ್ಯಾಲಿಂದ ಬಿದ್ದು ಹೋಗಿ ಇನ್ನ ಹದಿನೈದು ದಿನ ಆಗಿಲ್ಲ.”

ಆ ಹುಡುಗನ ಹೆಸರು ನಾನು ಕಾಕಾನಿಗೆ ಹೇಳಲಿಲ್ಲ. ಅವನೂ ಕೇಳಲಿಲ್ಲ. ಎಂಟು ದಿನ ಮಾತಿಲ್ಲ, ಪೇಜು ಇಲ್ಲ. ಆಮೇಲೆ ಅಂಗಡಿಗೆ ಬಂದು, “ತಗಿ,” ಅಂದ.

“ಏನು?”

“ಅಕ್ಷರ. ಎಲ್ಲಾ ವಾಪಸ್ ತಗಿ.”

“ಹೋದದ್ದು ಬರೋದಿಲ್ಲ ಕಾಕಾ. ಎಲ್ಲರ ಕಂಪ್ಯೂಟರಿನ್ಯಾಗ ಹೋಗಿ ಕುಂತಾವ.”

“ಗ್ವಾಡಿ ಮ್ಯಾಲಿಂದಾದ್ರ ಸುಣ್ಣಾ ಹೊಡೀತಿದ್ದೆ,” ಅಂದ. ಬ್ಯಾನರ್ ಕತ್ತರಿಸುತ್ತ ನಿಂತೆ. ಅವನೇ ಮತ್ತೆ ಅಂದ: “ನನ್ನ ಕೈ ಯಾರ್ಯಾರ ಮನಿಗಿ ಹೋಗ್ತದ, ಅಲ್ಲಿ ನಗಬೇಕೋ ಅಳಬೇಕೋ, ನನಗ ಗೊತ್ತಾಗಬೇಕು. ಓದಲಿಕ್ಕ ಕಲಸು.”

ಏಳನೆಯದಕ್ಕೆ ಸಾಲಿ ಬಿಟ್ಟ ಮಾಸ್ತರ, ಅರವತ್ತು ದಾಟಿದ ವಿದ್ಯಾರ್ಥಿ! ಉಳಿದ ಫ್ಲೆಕ್ಸಿನ ತುಂಡಿನ ಮೇಲೆ ಅವನ ಅಕ್ಷರವನ್ನೇ ತೆಗೆದುಕೊಟ್ಟೆ. ಅವೆಲ್ಲ ಅವನಿಗೆ ನಲವತ್ತು ವರ್ಷದ ನೆಂಟರು. ಆಕಾರ ಕಲಿಸಬೇಕಿರಲಿಲ್ಲ, ಯಾವುದು ಏನು ಅನ್ನುತ್ತದೆ ಅಂತ ಹೇಳಿದರೆ ಸಾಕಿತ್ತು. “ಈ ಎಮ್ಮಿ ‘ಣ’ ಅಂತದೇನು? ಇಷ್ಟ ದಿನಾ ಹೇಳೇ ಇಲ್ಲಲ್ಲೋ ಇದು!” ಅಂದ. ಅಷ್ಟರಲ್ಲಿ ಕೈ ಪೂರಾ ಹೋಗಿತ್ತು. ಬ್ರಶ್ ಬಿಡಿ, ಚಹಾವನ್ನೂ ನಾನೇ ಬಶಿಗೆ ಸುರಿದು ಹಿಡಿಯಬೇಕಿತ್ತು.

ಹೋದ ವಾರ, ಊಟದ ಹೊತ್ತು. ಮಶೀನು ಓಡುತ್ತಿತ್ತು. ಕಾಕಾ ಸ್ಟೂಲಿನ ಮೇಲೆ ಕೂತು ಫೋನು ತೆಗೆದ. ಡಾಬಕಾದ ಫೋಟೊ. ಅವನು ಅದನ್ನು ಇಟ್ಟುಕೊಂಡಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ.

ಬೆರಳು ಇಟ್ಟ. ಬೆರಳು ನಿಲ್ಲಲಿಲ್ಲ. ಎಡಗೈಯಿಂದ ಹಿಡಿದುಕೊಂಡ.

“ತಾಯಿ… ಮುದುಕ… ಬದನಿಕಾಯಿ,” ಅಂದ. ಮತ್ತೆ ಮೊದಲಿನಿಂದ: “ಮ. ಹೇ. ಶ.”

“ಹೂಂ,” ಅಂದೆ.

“ಮಹೇಶ. ಮಹೇಶ ಅಂತ ಇತ್ತೇನು ಹುಡುಗನ ಹೆಸರು.”

“ಹೂಂ, ಕಾಕಾ.”

“ಅವರಪ್ಪಗ ನಾ ಹೆಸರ ಕೇಳಲಿಲ್ಲ. ಅಕ್ಷರ ಛಂದ ಅದ ಅಂದೆ.”

ಅವನು ಫೋನನ್ನು ಕಣ್ಣಿನ ಹತ್ತಿರ ಒಯ್ದ, ದೂರ ಒಯ್ದ.

“ಲೇ, ಇಲ್ಲಿ ನೋಡು. ‘ಹ’ ನಡುಗ್ಯದ. ಅದು ನಂದು, ಖರೇ. ಆದ್ರ ‘ಮ’ ಯಾಕ ನಡುಗ್ಯದ? ‘ಮ’ ನನ್ನ ಕೈ ಬರೋಬ್ಬರಿ ಇದ್ದಾಗ ಬರದದ್ದು.”

“ಫೋಟೊ ಅಲುಗ್ಯದ ಕಾಕಾ. ಫೋನ್ ಹಳೇದು.”

ಕಾಕಾ ತಲೆ ಅಲ್ಲಾಡಿಸಿದ. ತನ್ನ ಬಲಗೈಯನ್ನು ನೋಡಿದ, ಫೋಟೊ ನೋಡಿದ.

“ಫೋನಿಂದಲ್ಲ,” ಅಂದ. “ತಗದವನ ಕೈ ನಡುಗ್ಯದ.”

ನಾನು ಎದ್ದು ಮಶೀನು ನಿಲ್ಲಿಸಿದೆ.