ಪಾಲಾಕ್ಷನ ಕಾಂಟೆಸ್ಸಾ

ಪಕ್ಕದ ಮನೆ ಬೆಟ್ಟಮ್ಮನ ಕೋಳಿ ಮೊಟ್ಟೆ ಇಡಲು ಬೇರೆ ಯಾವ ಜಾಗ ಹುಡುಕಿಕೊಂಡಿದ್ದರೂ ಪಾಲಾಕ್ಷನ ಸಂಸಾರ ಇನ್ನಷ್ಟು ವರ್ಷ ಹೇಗೋ ಉರುಳಿಕೊಂಡು ಹೋಗುತ್ತಿತ್ತು. ಆದರೆ ಆ ಕೋಳಿ ಹೊಳೆನರಸೀಪುರವನ್ನೆಲ್ಲ ಬಿಟ್ಟು, ಗಾಜಿಲ್ಲದ ಕಿಟಕಿಯಿಂದ ನುಗ್ಗಿ, ಪಾಲಾಕ್ಷನ ಕಾಂಟೆಸ್ಸಾ ಕಾರಿನ ಹಿಂದಿನ ಸೀಟನ್ನೇ ಮೆಚ್ಚಿಕೊಂಡಿತು. ಗೌರಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಅಂಗಳ ತೊಳೆಯಲು ಹೋದ ಅವನ ಹೆಂಡತಿ ಗಂಗಾಂಬಿಕೆ, ಒಳಗೇನೋ ಬೆಳ್ಳಗೆ ಕಾಣುತ್ತಿದೆಯೆಂದು ಬಾಗಿಲು ತೆಗೆದು ನೋಡಿದಳು. ಸೋಮವಾರ ಬಂತೆಂದರೆ ಈರುಳ್ಳಿಗೂ ರಜೆ ಕೊಡುವ ಶಿವಪೂಜೆಯ ಮನೆಯ ಕಾಂಪೌಂಡಿನಲ್ಲಿ ಬುಟ್ಟಿ ತುಂಬುವಷ್ಟು ಕೋಳಿಮೊಟ್ಟೆ.

ಆ ಕಾರು ಈ ಮನೆಗೆ ಬಂದದ್ದೂ ತನ್ನ ಕಾಲ ಮೇಲಲ್ಲ. ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಕೊಟ್ಟಿಗೆಯಲ್ಲಿ ಬಿದ್ದಿದ್ದದ್ದನ್ನು ಪಾಲಾಕ್ಷ ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದಿದ್ದ. ಮೂರು ತಿಂಗಳಲ್ಲಿ ಹೊಸದರ ಹಾಗೆ ಮಾಡಿಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟ ಮೇಲೆ ಏಳೆಂಟು ಗೌರಿ ಹಬ್ಬಗಳು ಬಂದು ಹೋಗಿದ್ದವು. ಭಾನುವಾರ ಕೊಬ್ಬರಿ ಮಂಡಿಗೆ ಬಾಗಿಲು ಹಾಕಿ, ಹಳೇ ಲುಂಗಿ ಸುತ್ತಿಕೊಂಡು ಕಾರಿನಡಿ ತೂರಿದನೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ಬಿಚ್ಚುವುದರಲ್ಲಿ ಅವನದು ಎತ್ತಿದ ಕೈ. ಜೋಡಿಸುವಾಗ ಮಾತ್ರ ಒಂದೆರಡು ನಟ್ಟು ಮಿಕ್ಕೇ ಮಿಕ್ಕುತ್ತಿದ್ದವು. ಕಾರ್ಬುರೇಟರ್ ಮಂಚದ ಕೆಳಗಿತ್ತು, ಹೆಡ್‌ಲೈಟು ದೇವರ ಮನೆಯ ಅಟ್ಟದ ಮೇಲಿತ್ತು, ಗಂಗಾಂಬಿಕೆಯ ಹಳೇ ಇಡ್ಲಿ ಪಾತ್ರೆಯಲ್ಲಿ ಬೋಲ್ಟುಗಳು ಸೀಮೆಎಣ್ಣೆ ಕುಡಿಯುತ್ತಾ ಮಲಗಿದ್ದವು.

ನಿಜ ಹೇಳಬೇಕೆಂದರೆ ಕಾರು ಓಡಲೇಬೇಕೆಂಬ ಹಟ ಅವನಿಗಿರಲಿಲ್ಲ. ಮಂಡಿಯಲ್ಲಿ ದಿನವಿಡೀ ರೈತರು, ಹಮಾಲರು, ಬಾಕಿಯವರು ಅವನ ತಲೆ ತಿನ್ನುತ್ತಿದ್ದರು. ಕಾರಿನಡಿ ಅಂಗಾತ ಮಲಗಿದಾಗ ಮಾತ್ರ ಯಾರೂ ಅವನನ್ನು ಏನೂ ಕೇಳುವಂತಿರಲಿಲ್ಲ. ಜೀವನದಲ್ಲಿ ಅವನಿಗಿದ್ದ ಸುಖ ಅದೊಂದೇ.

ಗಂಗಾಂಬಿಕೆ ಅಂದು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ನೋಡ್ರೀ, ನಾಳೆ ಗೌರಮ್ಮ ಮನೆಗೆ ಬರ್ತಾಳೆ. ದೀಪ ಹಚ್ಚೋ ಹೊತ್ತಿಗೆ ಇದು ತಾನಾಗಿ ಓಡ್ಬೇಕು, ಇಲ್ಲ ಯಾರಾದ್ರೂ ಎಳ್ಕೊಂಡು ಹೋಗ್ಬೇಕು. ಎರಡೂ ಆಗ್ಲಿಲ್ಲ ಅಂದ್ರೆ ನೀವೂ ಇದ್ರೊಳಗೇ ಹಾಸ್ಕೊಂಡು ಮಲ್ಗಿ."

ಅಷ್ಟರಲ್ಲಿ ಬೇಲಿಯಾಚೆಯಿಂದ ಬೆಟ್ಟಮ್ಮ ಬಂದಳು. ತಪ್ಪಾಯಿತೆನ್ನುತ್ತಾಳೆಂದು ಪಾಲಾಕ್ಷ ಕಾದ. ಅವಳು ಕಾರಿನೊಳಗೆ ಬಗ್ಗಿ ನೋಡಿ, ಕಾವು ಕೂತ ಕೋಳಿಯನ್ನು ಎಬ್ಬಿಸಿದರೆ ಮನೆಗೆ ಒಳ್ಳೆಯದಲ್ಲ, ಮರಿಯಾಗುವವರೆಗೆ ಯಾರೂ ಅಲುಗಾಡಿಸಕೂಡದು ಎಂದು ಅವನಿಗೇ ಬುದ್ಧಿ ಹೇಳಿದಳು. ಗಂಗಾಂಬಿಕೆ ಒಂದು ಮಂಕರಿ ತಂದು ಅವಳ ಮುಂದೆ ಕುಕ್ಕಿದಳು. ಕೋಳಿ, ಮೊಟ್ಟೆ, ಬೆಟ್ಟಮ್ಮ ಮೂವರೂ ಬೇಲಿಯಾಚೆಗೆ ಹೋದರು.

ಪಾಲಾಕ್ಷ ಮೊದಲು ರಿಪೇರಿಯ ದಾರಿ ಹಿಡಿದ. ಹಾಸನದಿಂದ ಅನಿಲ್‌ಕುಮಾರ್ ಎಂಬ ಮೆಕ್ಯಾನಿಕ್ಕನ್ನು ಕರೆಸಿದ. ಅವನು ಬಿಚ್ಚಿಟ್ಟ ಸಾಮಾನನ್ನೆಲ್ಲ ತರಲು ಹೇಳಿ ಚಾಪೆಯ ಮೇಲೆ ಹರಡಿಸಿದ. ಬೀಗರ ಮನೆಯ ಪಾತ್ರೆಪಗಡ ನೋಡುವವರಂತೆ ಬೀದಿಯವರು ಸುತ್ತ ನಿಂತರು. ಅನಿಲ್‌ಕುಮಾರ್ ಒಂದೊಂದನ್ನೇ ಎತ್ತಿ ನೋಡಿ, ಕೊನೆಗೆ ಕೈ ಒರೆಸಿಕೊಂಡು ಎದ್ದ.

"ಸಾ, ಇದ್ರಲ್ಲಿ ಪಂಪ್‌ಸೆಟ್ಟಿನ ವಾಲ್ವ್ ಐತೆ, ಮಿಕ್ಸಿ ಮೋಟ್ರು ಐತೆ. ಗಾಡೀದು ಅರ್ಧ ಸಾಮಾನು ಇಲ್ಲ. ಇವತ್ತೇ ಓಡ್ಬೇಕು ಅಂದ್ರೆ ನಾನ್ ಸಾಕಾಗಲ್ಲ, ಇಳಿಜಾರೇ ಬೇಕು."

ಇಂಜಿನ್ ಪೂರ್ತಿ ಇಳಿಸಬೇಕು, ಸಾಮಾನು ಕೊಯಮತ್ತೂರಿನಿಂದ ಬರಬೇಕು, ಏನಿಲ್ಲವೆಂದರೂ ಎರಡು ತಿಂಗಳು ಎಂದು ಹೇಳಿ ಅವನು ಹೊರಟುಹೋದ. ಗಂಗಾಂಬಿಕೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಚಾಪೆಯೊಂದನ್ನು ತಂದು ಕಾರಿನ ಹಿಂದಿನ ಸೀಟಿಗೆ ಎಸೆದು ಒಳಗೆ ಹೋದಳು.

ಇನ್ನು ಮಾರುವುದೊಂದೇ ದಾರಿ. ಶಾಂತರಾಜು ಎಂಬ ಹಳೇ ಗಾಡಿಗಳ ದಲ್ಲಾಳಿಯೊಬ್ಬ ಎರಡು ದಿನದಿಂದ ಮಂಡಿಗೆ ಬಂದು, ಕಾರು ಕೊಡುತ್ತೀರಾ ಎಂದು ಕೇಳುತ್ತಿದ್ದ. ಪಾಲಾಕ್ಷ ಅವನನ್ನು ಬೈದು ಕಳಿಸಿದ್ದ. ಈಗ ಅವನಿಗೇ ಫೋನು ಮಾಡಬೇಕಾಯಿತು. ಶಾಂತರಾಜು ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದವನಂತೆ ಹತ್ತೇ ನಿಮಿಷದಲ್ಲಿ ಬಂದುಬಿಟ್ಟ.

ಬಂದವನು ಕಾರನ್ನು ಸರಿಯಾಗಿ ನೋಡಲೂ ಇಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟನ್ನೂ ಮುಟ್ಟದೆ ಒಪ್ಪಿಗೆ ಹೇಳಿದರೆ ಹೆತ್ತವರಿಗೆ ಅನುಮಾನ ಬಾರದೇ? ಮಾರಲು ಕರೆದವನು ತಾನೇ ಎಂಬುದು ಮರೆತು ಪಾಲಾಕ್ಷ ತನ್ನ ಕಾರನ್ನು ತಾನೇ ಹಳಿಯತೊಡಗಿದ. ಬ್ರೇಕು ಹಿಡಿಯುವುದಿಲ್ಲ ಎಂದ. ನೆಲದ ತಗಡು ತೂತಾಗಿದೆ, ಕಾಲು ಜಾರಿದರೆ ರಸ್ತೆಗೇ ಎಂದ. ಬೇಲಿಯ ಮೇಲಿಂದ ಬೆಟ್ಟಮ್ಮನೂ ದನಿಗೂಡಿಸಿದಳು. ಆ ಉದ್ದನೆಯ ಬಾನೆಟ್ಟಿನ ಮೇಲೆ ಅವಳು ವರ್ಷವರ್ಷ ಸಂಡಿಗೆ ಒಣಗಿಸುತ್ತಿದ್ದಳು. ಕಾರು ಹೋದರೆ ಅವಳಿಗೂ ನಷ್ಟವೇ.

"ಅದ್ರೊಳಗೆ ಆವು ಸೇರ್ಕಂಡದೆ ಕಣಪ್ಪ. ನಾನೇ ಕಣ್ಣಾರೆ ಕಂಡಿವ್ನಿ."

"ಇರ್ಲಿ ಬುಡವ್ವ," ಎಂದ ಶಾಂತರಾಜು. "ಆವಿದ್ರೂ ಸೈ, ಚೇಳಿದ್ರೂ ಸೈ. ಪಾರ್ಟಿ ಎಂಗಿದ್ರೂ ಬೇಕು ಅಂದವ್ರೆ."

ಪಾರ್ಟಿ ಯಾರೆಂದು ಕೇಳಿದರೆ, ದೊಡ್ಡವರು, ಹೆಸರು ಹೇಳುವಂತಿಲ್ಲ ಎಂದ. ಕೊನೆಯ ಅಸ್ತ್ರವಾಗಿ ಪಾಲಾಕ್ಷ ಯಾರೂ ಒಪ್ಪಲಾರದ ಬೆಲೆ ಹೇಳಿದ. ಶಾಂತರಾಜು ಚೌಕಾಸಿಯನ್ನೇ ಮಾಡದೆ ಜೇಬಿಗೆ ಕೈ ಹಾಕಿದ. ಮಾತು ಆಡಿದ ಮೇಲೆ ಹಿಂದೆಗೆಯುವ ಹಾಗಿಲ್ಲ, ಮಂಡಿಯವನ ನಾಲಿಗೆ. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರು ಬಂತು, ಹಗ್ಗ ಬಿಗಿದರು, ಬಿಚ್ಚಿಟ್ಟ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಡಿಕ್ಕಿಗೆ ಹಾಕಿದರು. ಪಂಪ್‌ಸೆಟ್ಟಿನ ವಾಲ್ವೂ ಹೋಯಿತು. ಪಾಲಾಕ್ಷ ಬೀದಿಯ ತುದಿಯವರೆಗೂ ಕಾರಿನ ಪಕ್ಕದಲ್ಲಿ ನಡೆದು, ಪಂಚೆಯ ಚುಂಗಿನಿಂದ ಅದರ ಹಿಂಬದಿ ಗಾಜು ಒರೆಸಿ ಕಳಿಸಿಕೊಟ್ಟ. ವಾಪಸು ಬರುವಾಗ ಅವನ ಕಣ್ಣು ಒದ್ದೆಯಾಗಿತ್ತು. ಎದುರಿಗೆ ಸಿಕ್ಕವರಿಗೆ ಧೂಳು ಎಂದು ಹೇಳಿದ.

ಆ ದುಡ್ಡನ್ನು ಮನೆಯಲ್ಲಿಟ್ಟುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಪೇಟೆಗೆ ಹೋಗಿ, ಹೆಂಡತಿಗೆ ಒಂದು ಒಳ್ಳೆಯ ರೇಷ್ಮೆ ಸೀರೆ ತಂದ. ಇದ್ದಬದ್ದದ್ದೆಲ್ಲ ಅದಕ್ಕೇ ಹೋಯಿತು. ಗಂಗಾಂಬಿಕೆಯ ಮುಖ ಅರಳಿತು. ಕಾರು ನಿಂತಿದ್ದ ಜಾಗದ ಆಯಿಲ್ ಕಲೆಯನ್ನು ಸೋಪಿನ ಪುಡಿ ಹಾಕಿ ಉಜ್ಜಿ, ಅಷ್ಟಗಲ ರಂಗೋಲಿ ಬಿಟ್ಟಳು. ಪಾಲಾಕ್ಷ ಜಗಲಿಯಲ್ಲಿ ಕೂತು, ಇನ್ನು ಭಾನುವಾರ ಏನು ಮಾಡುವುದೆಂದು ಯೋಚಿಸುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಟ್ರ್ಯಾಕ್ಟರಿನ ಸದ್ದಾಯಿತು. ಮುಂದೆ ಬೈಕಿನಲ್ಲಿ ಗಂಗಾಂಬಿಕೆಯ ತಮ್ಮ, ಚನ್ನರಾಯಪಟ್ಟಣದ ಬಸವೇಶ. ಹಿಂದೆ ಟ್ರ್ಯಾಕ್ಟರು. ಅದರ ಹಿಂದೆ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಬಾನೆಟ್ಟಿಗೆ ಅರಿಶಿನ ಕುಂಕುಮ ಬಳಿಸಿಕೊಂಡು, ಮದುವಣಗಿತ್ತಿಯ ಹಾಗೆ ತಲೆ ಬಗ್ಗಿಸಿ ಕಾಂಟೆಸ್ಸಾ. ಅದು ರಂಗೋಲಿಯ ಮೇಲೆಯೇ ಬಂದು ನಿಂತಿತು.

ಬಸವೇಶ ಬಾಗಿನದ ಮೊರವನ್ನು ಅಕ್ಕನ ಕೈಗಿಟ್ಟು, ಅದರ ಮೇಲೆ ಕಾರಿನ ಕೀ ಇಟ್ಟ.

"ಅಕ್ಕಾ, ಹೋದ ವಾರ ಫೋನಲ್ಲಿ ಆ ಕಾರು, ಆ ಕಾರು ಅಂತ ಅಷ್ಟೊಂದು ಅಳ್ತಿದ್ದೆಯಲ್ಲ. ಪೂರ್ತಿ ಮಾತಾಡೋಕೂ ನಿನ್ನ ಕೈಲಿ ಆಗ್ಲಿಲ್ಲ. ಅಷ್ಟು ಆಸೆ ಇಟ್ಕೊಂಡಿರೋ ಕಾರು, ಭಾವ ಬೇಸತ್ತು ಯಾರಿಗೋ ಮಾರ್ಬಿಟ್ರೆ ಏನ್ ಗತಿ ಅಂತ ನಾನೇ ತಗೊಂಡೆ. ನಾನು ಅಂತ ಗೊತ್ತಾದ್ರೆ ಭಾವ ದುಡ್ಡು ಮುಟ್ಟಲ್ಲ, ಅದ್ಕೇ ಶಾಂತರಾಜೂನ ಕಳಿಸ್ದೆ. ಇನ್ಮೇಲೆ ಇದು ನಿಂದು. ತವರಿನ ಬಾಗಿನ."

ಗಂಗಾಂಬಿಕೆಯ ಮುಖದಲ್ಲಿ ಏನೇನೋ ಬಂದು ಹೋಯಿತು. ಗೌರಿ ಹಬ್ಬಕ್ಕೆಂದು ತವರಿನಿಂದ ಬಂದದ್ದನ್ನು ಬೇಡವೆನ್ನುವ ಹಾಗಿಲ್ಲ, ಮಾರುವ ಹಾಗಿಲ್ಲ, ಇನ್ನೊಬ್ಬರಿಗೆ ದಾಟಿಸುವ ಹಾಗೂ ಇಲ್ಲ. ಬೀದಿಯ ಹೆಂಗಸರೆಲ್ಲ ನೋಡುತ್ತಿದ್ದರು. ಯಾರ ತಮ್ಮ ತಾನೇ ಕಾರು ಬಾಗಿನ ಕೊಟ್ಟಾನು ಎಂದು ಒಬ್ಬಳು ಗಟ್ಟಿಯಾಗಿಯೇ ಹೇಳಿದಳು. ಗಂಗಾಂಬಿಕೆ ಮೊರವನ್ನು ಕಣ್ಣಿಗೊತ್ತಿಕೊಂಡಳು.

ಪಾಲಾಕ್ಷನ ಸಂತೋಷಕ್ಕೆ ಪಾರವೇ ಇರಲಿಲ್ಲ. ಕಾರು ಮನೆಗೆ ಬಂತು, ಇನ್ನದನ್ನು ಆ ಶಿವನೇ ಬಂದರೂ ಕದಲಿಸಲಾರ. ಓಡಿಹೋಗಿ ಲುಂಗಿ ಸುತ್ತಿಕೊಂಡು ಬಂದವನೇ ಸ್ಪ್ಯಾನರ್ ಹಿಡಿದು ಕಾರಿನಡಿಗೆ ಬಗ್ಗಿದ.

"ಏಳ್ರೀ ಮೇಲೆ," ಎಂದಳು ಗಂಗಾಂಬಿಕೆ. ಕೀ ಆಗಲೇ ಅವಳ ಸೊಂಟ ಸೇರಿತ್ತು. "ನಿಮ್ಮ ಕಾರು ಹೇಗೆ ಬಿದ್ದಿದ್ರೂ ನಡೀತಿತ್ತು. ಇದು ನನ್ನ ತವರಿಂದು, ಬೀದಿ ಜನದ ಮುಂದೆ ಹೀಗೆ ಕೆಟ್ಟು ನಿಂತಿರಬಾರ್ದು. ಹಬ್ಬ ಆದ್ಮೇಲೆ ನನ್ನ ತಮ್ಮ ಒಳ್ಳೆ ಮೆಕ್ಯಾನಿಕ್ಕನ್ನ ಕಳಿಸ್ತಾನೆ. ದುಡ್ಡು ನೀವು ಕೊಡಿ. ಕೈ ಮಾತ್ರ ಹಚ್ಬೇಡಿ."

ಮುಂದಿನ ಭಾನುವಾರ ಹೊಳೆನರಸೀಪುರದ ಜನ ಪಾಲಾಕ್ಷನ ಮಂಡಿ ತೆರೆದಿರುವುದನ್ನು ಮೊದಲ ಸಲ ಕಂಡರು.