ನಮ್ಮ ಕಾರಿನ ದೊಡ್ಡ ಟರ್ಬೊ ಅವರಿಗೆ, ಚೆಲ್ಲಿದ ಸಾರಿನ ವಿಷಯವಾಗಿ

ಮಾನ್ಯರೇ,

ಮತ್ತಿಗಿರಿಯಿಂದ ಮುನಿರತ್ನಮ್ಮ ಮಾಡುವ ನಮಸ್ಕಾರಗಳು. ತಾವು ನನ್ನ ಮಗ ನರೇಶನ ಕಾರಿನಲ್ಲಿ ಎಂಜಿನ್ನಿನ ಪಕ್ಕಕ್ಕೆ ಆತುಕೊಂಡು ಸುಖವಾಗಿದ್ದೀರಿ, ಎಣ್ಣೆಗಾಗಲಿ ತಣ್ಣೀರಿಗಾಗಲಿ ಕೊರತೆಯಿಲ್ಲ ಎಂದು ನಂಬಿದ್ದೇನೆ. ಹಿಂದಿನ ಸೀಟಿನಿಂದ ಒಗ್ಗರಣೆಯ ವಾಸನೆ ಇನ್ನೂ ಹೋಗಿಲ್ಲ ಎನ್ನುವುದೊಂದನ್ನು ಬಿಟ್ಟರೆ ನಾವೂ ಕ್ಷೇಮ. ಈ ದೂರನ್ನು ತಮ್ಮೊಬ್ಬರ ಕಿವಿಗೇ ಹಾಕಬಹುದಿತ್ತು; ಆದರೆ ತಮ್ಮ ಶಿಳ್ಳೆ ಬೀದಿಗೆಲ್ಲ ಕೇಳಿಸುವಾಗ ನನ್ನ ದೂರು ಮಾತ್ರ ಮನೆಯೊಳಗೇ ಏಕಿರಬೇಕೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮಂಥವರ ವಿಚಾರ ನನಗೇನು ತಿಳಿದೀತು ಎಂದುಕೊಳ್ಳಬೇಡಿ. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಮಗ, ರಜೆ ಬಂತೆಂದರೆ ಸ್ನೇಹಿತ ಬಾಲಾಜಿಯ ವರ್ಕ್‌ಶಾಪಿನಲ್ಲೇ ಬಿದ್ದಿರುತ್ತಾನೆ, ಅಲ್ಲಿ ಕಲಿತದ್ದನ್ನೆಲ್ಲ ಊಟಕ್ಕೆ ಕೂತಾಗ ನನಗೇ ಪಾಠ ಹೇಳುತ್ತಾನೆ. ಎಂಜಿನ್ ಬಿಟ್ಟ ಹೊಗೆಯಿಂದಲೇ ತಿರುಗಿ, ಅದೇ ಎಂಜಿನ್ನಿಗೆ ಮತ್ತಷ್ಟು ಗಾಳಿ ಊದಿ ಉರಿ ಏರಿಸುವ ಚಕ್ರ ತಾವು. ನಮ್ಮ ಸೌದೆ ಒಲೆಗೆ ಊದುಕೊಳವೆ ಮಾಡುತ್ತಿದ್ದ ಕೆಲಸವನ್ನೇ ಇಷ್ಟು ಸದ್ದು ಮಾಡಿಕೊಂಡು ಮಾಡುತ್ತೀರಿ. ಕಾರಿನ ಜೊತೆ ಕಂಪನಿಯವರು ಕೊಟ್ಟಿದ್ದ ಟರ್ಬೊ ಇವನ ವೇಗಕ್ಕೆ ಸಾಲದೆ, ಅದನ್ನು ಕಳಚಿ ತಮ್ಮನ್ನೂ ತಮಗಿಂತ ಸಣ್ಣವರಾದ ಇನ್ನೊಬ್ಬರನ್ನೂ ಮನೆಗೆ ತಂದ. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು; ಸದ್ಯದ ಪರೀಕ್ಷೆಗೆ ತಮ್ಮನ್ನು ಕಾರಿಗೆ ಹಾಕಿ, ಸಣ್ಣವರನ್ನು ಜಗುಲಿಯ ಮೇಲಿಟ್ಟ. ಮಗಳಿಗೆ ಗಂಡು ನೋಡುವಾಗಲೂ ನಮ್ಮ ಮನೆಯಲ್ಲಿ ಇಷ್ಟು ವಿಚಾರಣೆ ನಡೆದಿರಲಿಲ್ಲ.

ಸಣ್ಣವರು ಚುರುಕು. ಪೆಡಲಿಗೆ ಕಾಲು ತಾಗಿದರೆ ಸಾಕು, ಎದ್ದು ನಿಂತು ಕಾರನ್ನು ನೂಕುತ್ತಾರೆ, ಆದರೆ ಹೈವೇಯಲ್ಲಿ ಜೋರು ಹಿಡಿದಾಗ ಮೇಲುಸಿರು ಬರುತ್ತದಂತೆ. ತಾವಾದರೋ ಮದುವೆ ಮನೆಯ ದೊಡ್ಡ ಬಾವನವರಂತೆ ಎಷ್ಟು ಕರೆದರೂ ಏಳುವುದಿಲ್ಲ, ಎದ್ದ ಮೇಲೆ ಯಾರ ಕೈಗೂ ಸಿಗುವುದಿಲ್ಲ. ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ಬರುವವರೆಗೂ ತಾವು ಕಣ್ಣು ತೆರೆಯುವುದಿಲ್ಲ ಎಂಬುದನ್ನು ನರೇಶ ದೋಷವೆಂದು ಹೇಳುವುದೇ ಇಲ್ಲ. ಅದನ್ನು ‘ಲ್ಯಾಗ್’ ಎಂದು ಮುದ್ದಿನಿಂದ ಕರೆಯುತ್ತಾನೆ. ನಾನು ಬೆಳಿಗ್ಗೆ ತಡವಾಗಿ ಎದ್ದರೆ ಈ ಮನೆಯಲ್ಲಿ ಅದಕ್ಕೆ ಬೇರೆಯೇ ಹೆಸರಿದೆ.

ಇಷ್ಟು ಹೊಗಳಿದ ಮೇಲೆ ವಿಷಯಕ್ಕೆ ಬರುತ್ತೇನೆ. ನಾಟ್ರಾಂಪಾಳ್ಯಕ್ಕೆ ಕೊಟ್ಟಿರುವ ನನ್ನ ಮಗಳು ಪವಿತ್ರ ಚೊಚ್ಚಲ ಬಸುರಿ. ಎಂಟು ತುಂಬುವವರೆಗೂ ಏನನ್ನೂ ಕೇಳದವಳು, ಅವರೆಕಾಯಿ ಕಾಲ ಬಂದದ್ದೇ ತಡ, ಹಿದುಕಿದ ಬೇಳೆ ಸಾರು ಬೇಕು, ಅದೂ ನನ್ನ ಕೈಯದೇ ಬೇಕು ಎಂದು ಫೋನಿನಲ್ಲಿ ಅತ್ತಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ಅದು ಸುಳ್ಳೇ ಇರಲಿ, ಮಗಳ ಅಳು ಸುಳ್ಳಲ್ಲವಲ್ಲ. ಅವರೆಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಒಂದೊಂದನ್ನೂ ಬೆರಳಲ್ಲಿ ಹಿದುಕಿ ಸಿಪ್ಪೆ ಬಿಡಿಸಿ, ದೊಡ್ಡ ಪಾತ್ರೆ ತುಂಬ ಸಾರು ಮಾಡಿದೆ. ಬೆರಳಿನ ತುದಿಗಳು ಸುಕ್ಕಾಗಿದ್ದವು.

ಕಾಡುದಾರಿಯಲ್ಲಿ ಘಮಘಮಿಸುವ ಅಡಿಗೆ ಒಯ್ಯುವಾಗ ಗಾಳಿ ಗೀಳಿ ಸೋಕದಿರಲೆಂದು ಪಾತ್ರೆಯ ಪಕ್ಕ ಒಂದು ಕಬ್ಬಿಣದ ಚೂರು ಇಡುವುದು ನಮ್ಮ ಪದ್ಧತಿ. ಅಂದು ಅವಸರದಲ್ಲಿ ಕುಡುಗೋಲು ಸಿಗಲಿಲ್ಲ. ಜಗುಲಿಯ ಮೇಲೆ ಸಣ್ಣ ಟರ್ಬೊ ಅವರು ಬಸವನಹುಳುವಿನಂತೆ ಸುತ್ತಿಕೊಂಡು ಕೂತಿದ್ದರು. ಎತ್ತಿದರೆ ಒಳ್ಳೆಯ ತೂಕ, ಅರ್ಧ ಮೈ ಗಟ್ಟಿ ಎರಕದ ಕಬ್ಬಿಣ. ಇಷ್ಟು ಕಬ್ಬಿಣವಿದ್ದರೆ ಕಾಡಿನ ದೆವ್ವಗಳೆಲ್ಲ ತಮಿಳುನಾಡಿನ ಗಡಿ ದಾಟಿ ಕರ್ನಾಟಕಕ್ಕೇ ಓಡುತ್ತವೆಂದು ಅವರನ್ನು ಪಾತ್ರೆಗೆ ಒತ್ತಿ ಕೂರಿಸಿದೆ. ತಾವು ಮುಂದೆ ಎಂಜಿನ್ನಿನಲ್ಲಿ, ಅವರು ಹಿಂದೆ ಕಾವಲಿಗೆ.

ಅಂಚೆಟ್ಟಿ ದಾಟಿದ ಮೇಲೆ ಏರಿನಲ್ಲಿ ಲಾರಿಯೊಂದು ಅಡ್ಡ ಸಿಕ್ಕಿತು. ನರೇಶ ಪೆಡಲ್ ಒತ್ತಿದ, ತಾವು ಏಳಲಿಲ್ಲ. ಇನ್ನಷ್ಟು ಒತ್ತಿ, “ತಡಿಯಮ್ಮ, ಈಗ ಎದ್ದೇಳ್ತದೆ ನೋಡು” ಎಂದ. ನನಗಂತೂ ಲಾರಿಯವನ ಮೀಸೆಯ ಕೂದಲು ಎಣಿಸುವಷ್ಟು ಪುರಸೊತ್ತು ಸಿಕ್ಕಿತು. ಹೇಗೋ ಲಾರಿ ಹಿಂದಾಯಿತು, ಇನ್ನು ಅವಸರವೇ ಇಲ್ಲ ಎನ್ನುವ ಹೊತ್ತಿಗೆ ಸರಿಯಾಗಿ ತಮಗೆ ಎಚ್ಚರವಾಯಿತು. ಆಹಾ, ಏನು ಪರಾಕ್ರಮ! ನನ್ನ ತಲೆ ಸೀಟಿಗೆ ಅಪ್ಪಳಿಸಿತು, ಹಿಂದೆ ಕಾವಲಿಗಿದ್ದ ಸಣ್ಣವರು ಉರುಳಿ ಪಾತ್ರೆಯನ್ನು ಕೆಡವಿದರು, ಹಿದುಕಿದ ಬೇಳೆ ಸಾರೆಲ್ಲ ಸೀಟಿನ ಮೇಲೆ ಹರಿದು ಅವರ ಹೊಟ್ಟೆಯೊಳಗೂ ತುಂಬಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ನಾಟ್ರಾಂಪಾಳ್ಯದಲ್ಲಿ ಪವಿತ್ರ ಬಿಸಿ ಮುದ್ದೆ ಹಾಕಿಸಿಕೊಂಡು ತಟ್ಟೆ ಹಿಡಿದೇ ಕಾಯುತ್ತಿದ್ದಳು. ಕಾರಿನ ಬಾಗಿಲು ತೆಗೆಯುತ್ತಲೇ ಮುಖವರಳಿಸಿ, “ಅಮ್ಮಾ, ವಾಸ್ನೆ ಬಂದ್ಬುಡ್ತು! ಸಾರೆಲ್ಲಮ್ಮ?” ಎಂದಳು. ನಾನು ಬರಿದಾದ ಪಾತ್ರೆ ತೋರಿಸಿದೆ. ಮಗು ಅವಳೋ, ಅವಳ ಹೊಟ್ಟೆಯಲ್ಲಿರುವುದೋ ತಿಳಿಯದಂತೆ ಅತ್ತಳು, ಮಾನ್ಯರೇ. ಅವಳ ಅತ್ತೆ ಅಕ್ಕಯಮ್ಮನವರು ಮಾತ್ರ ಕಾರನ್ನು ಒಂದು ಸುತ್ತು ಬಂದು, ಸಾರು ಸೋರುತ್ತಿದ್ದ ಸಣ್ಣವರನ್ನು ನೋಡಿ, “ಏನ್ಲಾ ನರೇಶಾ, ನಿನ್ ಕಾರೂ ಬಸ್ರಿಯೇನ್ಲಾ? ಬಯ್ಕೆ ಊಟ ಅದೇ ಉಂಡ್ಬುಟ್ಟೈತಲ್ಲ!” ಎಂದರು. ಆಮೇಲೆ ಸೊಸೆಯ ಕಣ್ಣೊರೆಸಿ, ಹೆರಿಗೆಗೆ ಹೇಗೂ ತವರಿಗೆ ಕಳಿಸಬೇಕು, ದಿನವೂ ಒಳ್ಳೆಯದಿದೆ, ಸಾರು ಇಲ್ಲಿಗೆ ಬರದಿದ್ದರೆ ಇವಳೇ ಸಾರಿನ ಹತ್ತಿರ ಹೋಗಲಿ ಎಂದು ಅಪ್ಪಣೆ ಕೊಟ್ಟರು.

ಹೀಗೆ ಅದೇ ಕಾರಿನಲ್ಲಿ, ತುಂಬು ಬಸುರಿಯನ್ನು ಕೂರಿಸಿಕೊಂಡು ನಾವು ಮರಳಿದೆವು. ತಂಗಿ ಹತ್ತಿದ್ದೇ ತಡ, ನನ್ನ ಮಗನ ಕಾಲು ಹತ್ತಿಯಾಯಿತು. ದಾರಿಯುದ್ದಕ್ಕೂ ತಾವು ಒಮ್ಮೆಯೂ ಏಳಲಿಲ್ಲ, ಪವಿತ್ರಳೂ ಏಳಲಿಲ್ಲ. ಇಬ್ಬರೂ ಮತ್ತಿಗಿರಿಯವರೆಗೆ ನಿದ್ದೆ ಮಾಡಿದಿರಿ. ಸಣ್ಣವರಾಗಿದ್ದರೆ ತುಸು ಕಾಲೂರಿದರೂ ಎದ್ದು ಜಗ್ಗುತ್ತಿದ್ದರಂತೆ. ಸಂಜೆಗೆ ಅಕ್ಕಪಕ್ಕದವರೆಲ್ಲ ಕೂತು, ನೆನೆಹಾಕಿ ಮಿಕ್ಕಿದ್ದ ಕಾಳನ್ನು ಮತ್ತೆ ಹಿದುಕಿದೆವು. ಪವಿತ್ರ ತಟ್ಟೆ ನೆಕ್ಕಿ ಉಂಡಳು. ಅದನ್ನು ನೋಡಿ ನನ್ನ ಹೊಟ್ಟೆ ತುಂಬಿತು.

ಆದ್ದರಿಂದ ತಮ್ಮಿಬ್ಬರ ಬಲ ಅಳೆಯಲು ಬಾಲಾಜಿ ಕಂಪ್ಯೂಟರಿನಲ್ಲಿ ಎಳೆದ ಗೆರೆಗಳನ್ನೆಲ್ಲ ಬದಿಗಿಟ್ಟು ನಾನು ಕೊಡುವ ತೀರ್ಪು ಇಷ್ಟು: ಬಸುರಿ ಬಾಣಂತಿಯರಿರುವ ಮನೆಗೆ ಸದಾ ಮಲಗಿರುವ ದೊಡ್ಡ ಟರ್ಬೊ ಅವರೇ ಶ್ರೇಷ್ಠ. ತಮ್ಮ ಸ್ಥಾನ ಖಾಯಂ. ತಮ್ಮಲ್ಲಿ ವಿನಂತಿಯೆಂದರೆ, ಏಳುವ ಮುನ್ನ ದಯವಿಟ್ಟು ಒಮ್ಮೆ ಕೆಮ್ಮಿ ಸೂಚನೆ ಕೊಡುವುದು, ಹಿಂದಿನ ಸೀಟಿನಲ್ಲಿ ಸಾರಿದ್ದರೆ ಇನ್ನೊಂದು ಮಗ್ಗುಲಿಗೆ ಹೊರಳಿ ಮಲಗುವುದು, ನರೇಶ ಎಷ್ಟೇ ಒತ್ತಿದರೂ ನನ್ನ ಮುಖ ನೋಡಿಯೇ ತೀರ್ಮಾನಿಸುವುದು.

ಇಷ್ಟೆಲ್ಲ ಆದರೂ ತಮ್ಮ ಮೇಲೆ ಮುನಿಸಿಲ್ಲದ,
ತಮ್ಮ ವಿಶ್ವಾಸಿ,
ಮುನಿರತ್ನಮ್ಮ

ಮರೆತ ಮಾತು: ಹೆರಿಗೆ ನೋವು ಬಂದ ದಿನ ಮಾತ್ರ ಈ ಮೇಲಿನ ಯಾವ ವಿನಂತಿಯೂ ಅನ್ವಯಿಸುವುದಿಲ್ಲ. ಅಂದು ತಾವು ಅರೆಗಳಿಗೆ ತಡವಾಗಿ ಎದ್ದು, ಮಗು ಆಸ್ಪತ್ರೆಗೆ ಮೊದಲೇ ಕಾರಿನಲ್ಲೇ ಹುಟ್ಟಿತೋ, ಸೋದರಮಾವನ ಪಟ್ಟ ನರೇಶನಿಗಿಲ್ಲ, ತಮಗೇ. ಮೊದಲ ಮುಡಿ ತೆಗೆಸುವಾಗ ಮಗುವನ್ನು ತಮ್ಮ ತೊಡೆಯ ಮೇಲೆಯೇ ಕೂರಿಸುತ್ತೇವೆ. ಓಡುವಾಗ ತಮ್ಮ ಮೈ ಕೆಂಡದಂತೆ ಕಾಯುತ್ತದೆಂದು ಕೇಳಿದ್ದೇನೆ, ಅಷ್ಟರೊಳಗೆ ಸ್ವಲ್ಪ ಆರಿಸಿಕೊಂಡಿರತಕ್ಕದ್ದು.