ಎರಡೂ ಕೈ ಒಟ್ಟಿಗೆ ತೋರಿಸತಕ್ಕದ್ದು

(ಇಲಾಖೆಯ ಮೊಹರು ದುರಸ್ತಿಗೆ ಹೋಗಿರುವುದರಿಂದ ಹೆಸರಿಲ್ಲದೆ ಹೊರಡಿಸಲಾಗಿದೆ)

ಸಿಬ್ಬಂದಿ ಕ್ಷೇಮ ಶಾಖೆ, ಹಿಂದಿನ ಕೋಣೆ, ಕುಂದಗೋಳ

ಸಂಖ್ಯೆ: ಸಿಕ್ಷೇ/ದಂಪತಿ/ಊಟ/14/2025-26
ದಿನಾಂಕ: 09-12-2025

ಸುತ್ತೋಲೆ

ವಿಷಯ: ಥೀಮ್ ಪಾರ್ಕಿನ ‘ಜೋಡಿ ಊಟ’ ಮುಂಗಡ ಯೋಜನೆಯು ವಿವಾಹಿತ ಸಿಬ್ಬಂದಿಗೆ ಹೊಂದುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಕುರಿತು.

ಉಲ್ಲೇಖ: 1) ವಾರ್ಷಿಕ ಪ್ರವಾಸದ ಸಭೆಯ ನಡಾವಳಿ (ಗದ್ದಲದಿಂದಾಗಿ ಅಪೂರ್ಣ).
2) ಉಗ್ರಾಣಪಾಲಕ ಶ್ರೀ ಮಡಿವಾಳೆಪ್ಪ ಹಾಗೂ ಅವರ ಪತ್ನಿ ಶ್ರೀಮತಿ ಕಸ್ತೂರೆವ್ವ ಇವರ ಪ್ರತ್ಯೇಕ ಹೇಳಿಕೆಗಳು.
3) ಪಾರ್ಕಿನ ಊಟದ ಕೌಂಟರಿನ ಶ್ರೀ ಮುನಾಫ್ ಇವರು ಫೋನಿನಲ್ಲಿ ನೀಡಿದ ಹೇಳಿಕೆ.

ಪೀಠಿಕೆ:

ಈ ಸಾಲಿನ ಪ್ರವಾಸಕ್ಕೆ ಹದಿನಾಲ್ಕು ದಂಪತಿಗಳು ಹೆಸರು ಕೊಟ್ಟಿರುತ್ತಾರೆ. ಹುಬ್ಬಳ್ಳಿ ದಾಟಿ ಹೆದ್ದಾರಿ ಬದಿಗಿರುವ ಥೀಮ್ ಪಾರ್ಕಿನಲ್ಲಿ ಮೊದಲೇ ಹಣ ಕಟ್ಟಿದ ಜೋಡಿಯ ಕೈಗಳಿಗೆ ಒಂದೊಂದು ಹಳದಿ ಕಾಗದದ ಪಟ್ಟಿ ಸುತ್ತಲಾಗುತ್ತದೆ. ಅದನ್ನು ತೋರಿಸಿದಲ್ಲಿ ನಾಷ್ಟಾ, ಮಜ್ಜಿಗೆ, ಮಧ್ಯಾಹ್ನದ ಊಟ ಮತ್ತು ಸಂಜೆಯ ಚಹಾ ದೊರೆಯುತ್ತವೆ. ಇದು ಬೇಕೆಂದು ಗಂಡಂದಿರು, ರೊಟ್ಟಿ ಬುತ್ತಿಯೇ ಸಾಕೆಂದು ಹೆಂಡಂದಿರು ಪಟ್ಟು ಹಿಡಿದ ಕಾರಣ ಸಭೆ ಮುರಿದಿದ್ದು, ಐದು ಮನೆಗಳಲ್ಲಿ ಮಾತುಕತೆ ನಿಂತಿರುವುದು ಶಾಖೆಯ ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಒಂದು ಜೋಡಿಯನ್ನು ಮುಂಚಿತವಾಗಿ ಕಳಿಸಿ ತಪಾಸಣೆ ಮಾಡಿಸಲು ಚೀಟಿ ಎತ್ತಲಾಗಿ, ಮಡಿವಾಳೆಪ್ಪ ದಂಪತಿಯ ಹೆಸರು ಬಂದಿರುತ್ತದೆ. ಇವರಿಗೆ ಮದುವೆಯಾಗಿ ಇಪ್ಪತ್ತಾರು ವರ್ಷಗಳಾಗಿದ್ದು, ಇಬ್ಬರೇ ಕೂಡಿ ಊರು ಬಿಟ್ಟು ಹೋದದ್ದು ಮೂರು ಸಲ. ಮೂರೂ ಸಲ ಹಲ್ಲಿನ ದವಾಖಾನೆಗೆ.

ತಪಾಸಣೆಯಲ್ಲಿ ಕಂಡುಬಂದ ಅಂಶಗಳನ್ನೂ ಅವುಗಳಿಂದ ಹುಟ್ಟಿದ ನಿಯಮಗಳನ್ನೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಬಸ್ಸು ತಡವಾದ ಕಾರಣ ದಂಪತಿಯು ಒಂಬತ್ತು ಐವತ್ತಕ್ಕೆ ಪಾರ್ಕು ತಲುಪಿರುತ್ತಾರೆ. ನಾಷ್ಟಾ ಹತ್ತಕ್ಕೆ ಮುಗಿಯುವುದೆಂಬ ಫಲಕ ಕಂಡ ಕೂಡಲೇ ಶ್ರೀ ಮಡಿವಾಳೆಪ್ಪ ಓಡಿರುತ್ತಾರೆ. ಪತ್ನಿಯು ಬಾಗಿಲಲ್ಲೇ, ಸೊಂಡಿಲಿನಿಂದ ನೀರು ಚಿಮ್ಮಿಸುವ ಸಿಮೆಂಟಿನ ಆನೆಯ ಮುಂದೆ ನಿಂತಿರುತ್ತಾರೆ. ಗಂಡ ಹೆಂಡತಿ ಇಬ್ಬರ ಕೈಯನ್ನೂ ಒಟ್ಟಿಗೆ ತೋರಿಸದ ಹೊರತು ಏನನ್ನೂ ಕೊಡುವಂತಿಲ್ಲ ಎಂದು ಶ್ರೀ ಮುನಾಫ್ ತಿಳಿಸಲಾಗಿ, ಶ್ರೀ ಮಡಿವಾಳೆಪ್ಪ ಮರಳಿ ಓಡಿ, ಪತ್ನಿಯನ್ನು ಆನೆಯಿಂದ ಬೇರ್ಪಡಿಸಿ ಕರೆತಂದಿರುತ್ತಾರೆ. ಉಪ್ಪಿಟ್ಟು ತಿನ್ನಲು ಪತಿಗೆ ನಾಲ್ಕು ನಿಮಿಷ, ಪತ್ನಿಗೆ ಹದಿನೇಳು ನಿಮಿಷ ಹಿಡಿದಿರುತ್ತದೆ. ಆದಕಾರಣ, ಊಟದ ವೇಗದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚಿನ ಅಂತರವಿರುವ ದಂಪತಿಯು ಯೋಜನೆಗೆ ಹೊಂದುವುದಿಲ್ಲ. ವೇಗವನ್ನು ಶಾಖೆಯಲ್ಲಿ ಅಳೆಯಲಾಗುವುದು. ಉಪ್ಪಿಟ್ಟನ್ನು ಸಿಬ್ಬಂದಿಯೇ ತರತಕ್ಕದ್ದು.

2. ನಾಷ್ಟಾದ ತರುವಾಯ ಶ್ರೀಮತಿ ಕಸ್ತೂರೆವ್ವ ಅವರು ಜಾಯಿಂಟ್ ವೀಲ್, ಅಂದರೆ ಆಡುಮಾತಿನ ದೊಡ್ಡ ತೊಟ್ಟಿಲು, ಹತ್ತಬೇಕೆಂದು ಕೋರಿರುತ್ತಾರೆ. ಹನ್ನೊಂದಕ್ಕೆ ಮಜ್ಜಿಗೆ ಇರುವುದರಿಂದ ಕೋರಿಕೆಯನ್ನು ಮುಂದೂಡಲಾಗಿರುತ್ತದೆ. ಮಜ್ಜಿಗೆಯ ತರುವಾಯ, ಹನ್ನೆರಡೂವರೆಗೆ ಊಟ ಇರುವುದರಿಂದ ಮತ್ತೆ ಮುಂದೂಡಲಾಗಿರುತ್ತದೆ. “ಇವರು ಕೌಂಟರ್ ನೋಡಕೋತ ಕುಂತಿದ್ರು, ನಾ ತೊಟ್ಲ ನೋಡಕೋತ ಕುಂತಿದ್ದೆ” ಎಂಬುದು ಪತ್ನಿಯ ಹೇಳಿಕೆ. ಒಂದೇ ಬೆಂಚಿನ ಮೇಲೆ ಕುಳಿತು ಬೇರೆ ಬೇರೆ ದಿಕ್ಕಿಗೆ ನೋಡುವವರನ್ನೂ ಜೋಡಿಯೆಂದೇ ಪರಿಗಣಿಸತಕ್ಕದ್ದು ಎಂದು ಸ್ಪಷ್ಟಪಡಿಸಲಾಗಿದೆ.

3. ಮಜ್ಜಿಗೆಯ ವೇಳೆ ಪತ್ನಿಯು ತನಗೆ ಬೇಡವೆಂದು ಹೇಳಿ ಪತಿಯ ಲೋಟದಲ್ಲಿ ಮುಕ್ಕಾಲು ಪಾಲು ಕುಡಿದಿರುತ್ತಾರೆ. ಅಂಥ ದಂಪತಿಯನ್ನು ಒಂದೂವರೆ ಎಂದು ದಾಖಲಿಸತಕ್ಕದ್ದು. ಅರ್ಧ ಕೈಗೆ ಪಟ್ಟಿ ಕಟ್ಟುವ ವ್ಯವಸ್ಥೆ ಸದ್ಯಕ್ಕಿರುವುದಿಲ್ಲ.

4. ಊಟದ ಸಾಲು ಉದ್ದವಾಗಿದ್ದು, ತೊಟ್ಟಿಲಿನ ಸಾಲು ಖಾಲಿಯಾಗಿರುವುದನ್ನು ಶ್ರೀಮತಿ ಕಸ್ತೂರೆವ್ವ ಗಮನಿಸಿರುತ್ತಾರೆ. ಪತಿಗೆ ಹೇಳದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬರೇ ಹೋಗಿ ಕುಳಿತಿರುತ್ತಾರೆ. ಒಂದು ನಲವತ್ತಕ್ಕೆ ಶ್ರೀ ಮಡಿವಾಳೆಪ್ಪ ಅವರ ಪಾಳಿ ಬಂದಾಗ “ಇನ್ನೊಂದ್ ಕೈ ಎಲ್ಲೈತ್ರಿ ಕಾಕಾ?” ಎಂದು ಶ್ರೀ ಮುನಾಫ್ ಕೇಳಿರುತ್ತಾರೆ. ಅಷ್ಟರಲ್ಲಿ ಪತ್ನಿಯನ್ನು ಕಂಡಿದ್ದ ಶ್ರೀ ಮಡಿವಾಳೆಪ್ಪ ಆಕಾಶದ ಕಡೆ ಬೆರಳು ಮಾಡಿ “ಮ್ಯಾಲೈತ್ರಿ” ಎಂದಿರುತ್ತಾರೆ. ಶ್ರೀ ಮುನಾಫ್ ಇದನ್ನು ತಪ್ಪಾಗಿ ತಿಳಿದು, ಸಟ್ಟುಗವನ್ನು ಕೆಳಗಿಟ್ಟು, ಅರ್ಧ ನಿಮಿಷ ತಲೆ ತಗ್ಗಿಸಿ ನಿಂತಿದ್ದಾಗಿ ದಾಖಲಾಗಿದೆ. ಅಷ್ಟು ಹೊತ್ತು ಹಿಂದಿದ್ದ ಸಾಲೂ ಸುಮ್ಮನೆ ನಿಂತಿರುತ್ತದೆ.

5. ವಿಷಯ ತಿಳಿದ ಬಳಿಕ ಶ್ರೀ ಮುನಾಫ್ ಹೊರಬಂದು ಮೇಲೆ ನೋಡಿರುತ್ತಾರೆ. ಶ್ರೀಮತಿ ಕಸ್ತೂರೆವ್ವ ಮೇಲಿನಿಂದ ಸಂತೋಷದಿಂದ ಕೈ ಬೀಸಿರುತ್ತಾರೆ. ಕೈ ಕಂಡಿತು, ಪಟ್ಟಿ ಕಾಣಲಿಲ್ಲ ಎಂಬ ಕಾರಣಕ್ಕೆ ಅದನ್ನು ಒಪ್ಪಲಾಗಿರುವುದಿಲ್ಲ. ಅವರು ಕೆಳಗೆ ಬಂದಾಗ ಶ್ರೀ ಮುನಾಫ್ ಒಳಗೆ ಬಡಿಸುತ್ತಿದ್ದು, ಶ್ರೀ ಮುನಾಫ್ ಹೊರಬಂದಾಗ ಶ್ರೀಮತಿ ಕಸ್ತೂರೆವ್ವ ಮೇಲಿದ್ದು, ಹೀಗೆ ಮೂರು ಸುತ್ತುಗಳಾಗಿರುತ್ತವೆ. ಇನ್ನು ಮುಂದೆ ನೆಲದಿಂದ ಹತ್ತು ಅಡಿಗಿಂತ ಮೇಲೆ ತೋರಿಸಿದ ಕೈಯನ್ನು ನಮಸ್ಕಾರವೆಂದು ಮಾತ್ರ ಸ್ವೀಕರಿಸತಕ್ಕದ್ದು.

6. ಊಟದ ಕೌಂಟರ್ ಎರಡಕ್ಕೆ ಮುಚ್ಚುವುದಾಗಿದ್ದು, ಗಡಿಯಾರ ಒಂದು ಐವತ್ತೈದು ತೋರಿಸುತ್ತಿದ್ದುದರಿಂದ ಶ್ರೀ ಮಡಿವಾಳೆಪ್ಪ ತೊಟ್ಟಿಲನ್ನು ನಿಲ್ಲಿಸಲು ವಿನಂತಿಸಿ, ಪತ್ನಿಯನ್ನು ಇಳಿಸಿಕೊಳ್ಳುವ ಉದ್ದೇಶದಿಂದ ಒಂದು ಕಾಲು ಒಳಗಿಟ್ಟಿರುತ್ತಾರೆ. ನಡೆಸುವವರು ಇವರೂ ಹತ್ತುವವರೆಂದು ಭಾವಿಸಿ, ಕೂರಿಸಿ, ಅಡ್ಡಪಟ್ಟಿ ಹಾಕಿ ಗುಂಡಿ ಒತ್ತಿರುತ್ತಾರೆ. ಮೊದಲ ಸುತ್ತಿನಲ್ಲಿ ಶ್ರೀ ಮಡಿವಾಳೆಪ್ಪ ಕಣ್ಣು ತೆರೆದಿರುವುದಿಲ್ಲ. ಪತ್ನಿಯ ಕೈಯನ್ನು ಗಟ್ಟಿಯಾಗಿ ಹಿಡಿದಿರುತ್ತಾರೆ. ಎರಡನೆಯ ಸುತ್ತಿನ ತುದಿಯಲ್ಲಿ ಕಣ್ಣು ತೆರೆಯಲಾಗಿ, ದೂರದವರೆಗೆ ಕರಿಹೊಲಗಳು, ಆಟಿಕೆಯಷ್ಟು ಸಣ್ಣ ಲಾರಿಗಳು ಮತ್ತು ಪಕ್ಕದಲ್ಲಿ ನಗುತ್ತಿದ್ದ ಪತ್ನಿ ಕಂಡುಬಂದಿರುತ್ತಾರೆ. ಪತ್ನಿ ಹಾಗೆ ನಕ್ಕದ್ದನ್ನು ಈ ಹಿಂದೆ ಯಾವಾಗ ನೋಡಿದ್ದೆಂದು ನೆನಪಾಗಲಿಲ್ಲವೆಂದು ಅವರು ಹೇಳಿಕೆಯಲ್ಲಿ ಬರೆದು, ಬಳಿಕ ಹೊಡೆದುಹಾಕಿದ್ದು, ಆದರೂ ಓದಲು ಬರುತ್ತದೆ.

7. “ಕೌಂಟರ್ ಬಂದ್ ಮಾಡಿದ್ರು ನೋಡ್ರಿ. ಹಸಿವಾಗೇತೇನು?” ಎಂದು ಪತ್ನಿ ಕೇಳಲಾಗಿ, “ಆಗ್ಲಿ ಬಿಡು. ಇನ್ನೊಂದ್ ಸುತ್ತ ಹೋಗೂಣು” ಎಂದು ಶ್ರೀ ಮಡಿವಾಳೆಪ್ಪ ಉತ್ತರಿಸಿರುತ್ತಾರೆ. ಇದು ಪತ್ನಿಯ ಹೇಳಿಕೆಯಲ್ಲಿ ಮಾತ್ರ ಇದ್ದು, ಪತಿ ಅಲ್ಲಗಳೆದಿರುವುದಿಲ್ಲ. ದಂಪತಿಯು ಒಟ್ಟು ಐದು ಸಲ ತೊಟ್ಟಿಲು ಹತ್ತಿದ್ದರಿಂದ ಸಂಜೆಯ ಚಹಾ ಸಹ ತಪ್ಪಿರುತ್ತದೆ. ಪಟ್ಟಿ ಕಟ್ಟಿದ ಎರಡೂ ಕೈಗಳು ಅಂದು ಅತಿ ಹೆಚ್ಚು ಹೊತ್ತು ಒಟ್ಟಿಗಿದ್ದದ್ದು ಈ ಅವಧಿಯಲ್ಲೇ ಆದರೂ, ಕೌಂಟರಿನಲ್ಲಿ ತೋರಿಸದ ಕಾರಣ ಅವು ಊಟಕ್ಕೆ ಅರ್ಹವಾಗಿರುವುದಿಲ್ಲ.

8. ಹೊರಬಾಗಿಲ ಬಳಿಯ ಗಾಡಿಯಲ್ಲಿ ದಂಪತಿಯು ಒಂದೇ ಕಾಗದದಲ್ಲಿ ಚುರುಮುರಿಯ ಗಿರಮಿಟ್ ಮತ್ತು ಮಿರ್ಚಿ ಭಜಿ ತಿಂದು, ಕೊನೆಯ ಬಸ್ಸಿಗೆ ಮರಳಿರುತ್ತಾರೆ. ಗಾಡಿಯವರು ಯಾರ ಕೈಯನ್ನೂ ಕೇಳಿರುವುದಿಲ್ಲ.

9. ಪರಸ್ಪರ ಮಾತು ಬಿಟ್ಟಿರುವ ಐದೂ ದಂಪತಿಗಳು ಯೋಜನೆಗೆ ಅತ್ಯಂತ ಸೂಕ್ತರೆಂದು ಶಾಖೆ ಅಭಿಪ್ರಾಯಪಡುತ್ತದೆ. ದಿನಕ್ಕೆ ನಾಲ್ಕು ಸಲ ಅವರು ಅಕ್ಕಪಕ್ಕ ನಿಂತು ಕೈ ಚಾಚಲೇಬೇಕಾಗುತ್ತದೆ. ನಡುವೆ ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಉಳಿದ ಒಂಬತ್ತು ದಂಪತಿಗಳು ಬುತ್ತಿ ಕಟ್ಟಿಕೊಂಡು, ಹಸಿವಾದಾಗ ಉಣ್ಣತಕ್ಕದ್ದು.

ಸಹಿ/-
(ಮಹಾನಂದಾ)
ಶಾಖಾ ಮೇಲ್ವಿಚಾರಕರು, ಪ್ರಭಾರ

ಪ್ರತಿಗಳು:

1. ಶ್ರೀ ಮುನಾಫ್, ಊಟದ ಕೌಂಟರ್: ಶ್ರೀಮತಿ ಕಸ್ತೂರೆವ್ವ ಕ್ಷೇಮವಾಗಿದ್ದಾರೆಂಬ ಮಾಹಿತಿಗಾಗಿ.
2. ಸೂಚನಾ ಫಲಕ: ಮೊಳೆ ಸಿಕ್ಕ ನಂತರ.
3. ಶ್ರೀಮತಿ ಕಸ್ತೂರೆವ್ವ: ನೇರವಾಗಿ. ಪತಿಯ ಪ್ರತಿಯನ್ನೇ ಓದಿಕೊಳ್ಳುವಂತೆ ಸೂಚಿಸತಕ್ಕದ್ದಲ್ಲ.
4. ಶ್ರೀ ಮಡಿವಾಳೆಪ್ಪ, ಉಗ್ರಾಣ: ಬರುವ ಶನಿವಾರಕ್ಕೆ ಅವರು ಸಲ್ಲಿಸಿದ ರಜೆ ಅರ್ಜಿಯಲ್ಲಿ ಕಾರಣವೆಂದು ‘ತಪಾಸಣೆ ಪೂರ್ತಿ ಆಗಿಲ್ಲ, ಇಬ್ಬರೂ ಹೋಗಬೇಕು’ ಎಂದು ಬರೆದಿರುತ್ತಾರೆ. ಶಾಖೆಯು ಅಂಥ ಯಾವ ತಪಾಸಣೆಯನ್ನೂ ವಹಿಸಿರುವುದಿಲ್ಲ. ರಜೆ ಮಂಜೂರಾಗಿದೆ.